ಕಾರವಾರದಂಥ ಊರಿಗೆ ಒಳ್ಳೆಯ ಪ್ರಾಧ್ಯಾಪಕರು ಬಂದು ನಿಲ್ಲುತ್ತಾರೆಯೇ?

ಉತ್ತರ ಕನ್ನಡಕ್ಕೆ ಒಂದು ಸಂಶೋಧನಾ ವಿಶ್ವವಿದ್ಯಾಲಯ ಬೇಕೆಂಬ ಮಾತು ಬಂದಾಗಲೆಲ್ಲ ಕಾರವಾರ, ಕುಮಟಾ, ಶಿರಸಿಯ ಪರಿಚಿತರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಸರ್, ಕಟ್ಟಡವನ್ನೇನೋ ಕಟ್ಟಬಹುದು. ಬೆಂಗಳೂರು, ಪುಣೆಯನ್ನು ಬಿಟ್ಟು ಒಳ್ಳೆಯ ಪ್ರಾಧ್ಯಾಪಕರು ಇಲ್ಲಿಗೆ ಬರುತ್ತಾರೆಯೇ? ಬಂದವರು ನಿಲ್ಲುತ್ತಾರೆಯೇ?" ಬಹುಕಾಲ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವನಾಗಿ, ಆಯ್ಕೆ ಸಮಿತಿಗಳಲ್ಲಿಯೂ ಕುಳಿತವನಾಗಿ ನಾನು ಕೊಡುವ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಬರುತ್ತಾರೆ. ನಿಲ್ಲುವುದು ಮಾತ್ರ ಊರಿನ ಗಾತ್ರವನ್ನು ಅವಲಂಬಿಸಿಲ್ಲ. ಹುದ್ದೆಯ ಜಾಹೀರಾತು ಹೊರಡುವ ಮುಂಚೆ ವಿಭಾಗ ಎಷ್ಟು ಯೋಚಿಸಿತ್ತು, ಬಂದವರ ಮೊದಲ ಮೂರ್ನಾಲ್ಕು ವರ್ಷಗಳನ್ನು ಅದು ಹೇಗೆ ಕಾಪಾಡಿತು ಎಂಬುದನ್ನು ಅವಲಂಬಿಸಿದೆ.

ಸಂಬಳದ ವಿಷಯವನ್ನು ಮೊದಲೇ ಮುಗಿಸಿಬಿಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ವೇತನಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ 57,700 ರೂಪಾಯಿ. ಅದು ಧಾರವಾಡದಲ್ಲಿಯೂ ಅಷ್ಟೇ, ಕಾರವಾರದಲ್ಲಿಯೂ ಅಷ್ಟೇ. ಹೀಗಿರುವಾಗ ಒಬ್ಬ ಪ್ರತಿಭಾವಂತ ಸಂಶೋಧಕಿಯನ್ನು ಇಲ್ಲಿಗೆ ಎಳೆದು ತರಬಲ್ಲದ್ದು ಅವಳು ಬೇರೆಲ್ಲಿಯೂ ಮಾಡಲಾಗದ ಕೆಲಸವೊಂದೇ. ಅಂಥ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಒಂದೇ ಜಿಲ್ಲೆಯ ಕರಾವಳಿಯಲ್ಲಿ ಸಮುದ್ರ ಸೇರುತ್ತವೆ. ಅವುಗಳಲ್ಲಿ ಕಾಳಿಗೆ ಮತ್ತು ಶರಾವತಿಗೆ ದೊಡ್ಡ ಅಣೆಕಟ್ಟುಗಳಿವೆ, ಅಘನಾಶಿನಿ ಅಡೆತಡೆಯಿಲ್ಲದೆ ಹರಿಯುತ್ತದೆ. ನದಿ ಸಮುದ್ರ ಸೇರುವ ಜಾಗವಾದ ಅಳಿವೆಯನ್ನು ಅಣೆಕಟ್ಟು ಹೇಗೆ ಬದಲಿಸುತ್ತದೆ ಎಂದು ಹೋಲಿಸಿ ನೋಡಬಯಸುವವರಿಗೆ ಇಷ್ಟು ಹತ್ತಿರ ಹತ್ತಿರದಲ್ಲಿ ಎರಡೂ ಬಗೆಯ ನದಿಗಳು ಸಿಗುವುದು ಅಪರೂಪ.

ಆದರೆ ನೇಮಕಾತಿ ನಡೆಯುವ ವಾಡಿಕೆಯ ಕ್ರಮದಲ್ಲಿ ಈ ಸಂಪತ್ತಿಗೆ ಸ್ಥಾನವೇ ಇರುವುದಿಲ್ಲ. ಯಾರೋ ನಿವೃತ್ತರಾಗುತ್ತಾರೆ, ಅವರ ವಿಶೇಷ ವಿಷಯವನ್ನೇ ಬರೆದು ಹುದ್ದೆ ತುಂಬಲು ಕಡತ ಏಳುತ್ತದೆ, ಆರ್ಥಿಕ ಇಲಾಖೆಯ ಒಪ್ಪಿಗೆಗೆ ವರ್ಷಗಳು ಹೋಗುತ್ತವೆ, ಕೊನೆಗೆ ಒಪ್ಪಿಗೆ ಬಂದಾಗ ಮೂವತ್ತು ವರ್ಷ ಹಿಂದಿನ ಅಗತ್ಯಕ್ಕೆ ಹೊಸಬರನ್ನು ಹುಡುಕುತ್ತೇವೆ. ನನ್ನ ಅಭಿಪ್ರಾಯದಲ್ಲಿ ವಿಶ್ವವಿದ್ಯಾಲಯವು ಮೊದಲು ತನ್ನ ನೆಲದ ಎರಡೋ ಮೂರೋ ದೊಡ್ಡ ಪ್ರಶ್ನೆಗಳನ್ನು ಆರಿಸಿಕೊಳ್ಳಬೇಕು, ಆ ಪ್ರಶ್ನೆಯ ಸುತ್ತ ಬೇರೆ ಬೇರೆ ವಿಭಾಗಗಳ ಹುದ್ದೆಗಳನ್ನು ಒಟ್ಟಿಗೆ ಜಾಹೀರು ಮಾಡಬೇಕು. ಅಘನಾಶಿನಿ ಅಳಿವೆಯನ್ನೇ ತೆಗೆದುಕೊಳ್ಳಿ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿಯ ಬಳಚು ಎಂಬ ಚಿಪ್ಪುಜೀವಿ, ಗಜನಿ ಎಂಬ ಹಿನ್ನೀರ ಗದ್ದೆಗಳಲ್ಲಿ ಬೆಳೆಯುವ, ಉಪ್ಪುನೀರು ತಾಳುವ ಕಗ್ಗ ಭತ್ತ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಹೂಳು, ಮೀನುಗಾರರ ಆದಾಯ ಇವು ಒಂದಕ್ಕೊಂದು ಹೆಣೆದುಕೊಂಡಿವೆ. ಒಬ್ಬ ಕಡಲ ಜೀವಶಾಸ್ತ್ರಜ್ಞ, ಹೂಳಿನ ಅಧ್ಯಯನ ಬಲ್ಲ ಒಬ್ಬ ಭೂವಿಜ್ಞಾನಿ, ಗ್ರಾಮೀಣ ಜೀವನೋಪಾಯ ತಿಳಿದ ಒಬ್ಬ ಅರ್ಥಶಾಸ್ತ್ರಜ್ಞೆ ಒಂದೇ ವರ್ಷ ಬಂದರೆ ಅವರಲ್ಲಿ ಯಾರೂ ಒಂಟಿಯಾಗುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ಗುಡ್ಡ ಕುಸಿತವನ್ನು ವರ್ಷವಿಡೀ ಇಲ್ಲಿಯೇ ಇದ್ದು ಅಧ್ಯಯನ ಮಾಡುವ ಇಂಥದೇ ಒಂದು ಗುಂಪನ್ನು ಕಟ್ಟುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೇ?

ಇದು ಕೇವಲ ಕನಸಲ್ಲ ಎನ್ನುವುದಕ್ಕೆ ಕರ್ನಾಟಕದಲ್ಲಿಯೇ ಉದಾಹರಣೆಯಿದೆ. ಸತೀಶ್ ಧವನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಕಾಲದಲ್ಲಿ, ಖಾಲಿ ಕುರ್ಚಿಗೆ ತಕ್ಕ ಮನುಷ್ಯನನ್ನು ಹುಡುಕುವುದರ ಜೊತೆಗೆ, ತಕ್ಕ ಮನುಷ್ಯರನ್ನು ಕಂಡು ಅವರಿಗಾಗಿ ಹೊಸ ಘಟಕಗಳನ್ನು ತೆರೆಯುವ ಕೆಲಸವೂ ನಡೆಯಿತು. ಜಿ.ಎನ್. ರಾಮಚಂದ್ರನ್ ಅವರು ಅಲ್ಲಿ ಆಣ್ವಿಕ ಜೀವಭೌತಶಾಸ್ತ್ರದ ಘಟಕ ಕಟ್ಟಿದರು, ಸಿ.ಎನ್.ಆರ್. ರಾವ್ 1976ರಲ್ಲಿ ಬಂದು ಘನಸ್ಥಿತಿ ರಸಾಯನಶಾಸ್ತ್ರದ ಘಟಕ ಕಟ್ಟಿದರು. ಹಾರ್ವರ್ಡ್‌ನಲ್ಲಿ ಓದಿ ಮರಳಿದ್ದ ಮಾಧವ ಗಾಡ್ಗೀಳ್ ಮತ್ತು ಸುಲೋಚನಾ ಗಾಡ್ಗೀಳ್ ದಂಪತಿ 1973ರಲ್ಲಿ ಅದೇ ಸಂಸ್ಥೆಯನ್ನು ಸೇರಿದರು. ಮಾಧವ ಅವರ ಪರಿಸರ ವಿಜ್ಞಾನಕ್ಕಾಗಲಿ, ಸುಲೋಚನಾ ಅವರ ಮುಂಗಾರಿನ ಅಧ್ಯಯನಕ್ಕಾಗಲಿ ಆಗ ಅಲ್ಲಿ ಪ್ರತ್ಯೇಕ ವಿಭಾಗ ಇರಲಿಲ್ಲ. ಸೈದ್ಧಾಂತಿಕ ಅಧ್ಯಯನ ಕೇಂದ್ರದಲ್ಲಿ ಇಬ್ಬರಿಗೂ ಜಾಗ ಮಾಡಿಕೊಡಲಾಯಿತು. ಆಮೇಲೆ ಮಾಧವ ಗಾಡ್ಗೀಳರು ನಮ್ಮದೇ ಜಿಲ್ಲೆಯ ಕಾಡಿನಲ್ಲಿ, ದಾಂಡೇಲಿಯ ಕಾಗದದ ಗಿರಣಿಗೆ ಹೋಗುತ್ತಿದ್ದ ಬಿದಿರಿನ ಅಧ್ಯಯನ ಮಾಡಿದರು. ಬಿದಿರು ಮೆಳೆಯ ಬುಡದ ಮುಳ್ಳನ್ನು ಸವರಿ ಹಸನುಗೊಳಿಸಿದ್ದರಿಂದಲೇ ಎಳೆಯ ಕಳಲೆ ದನಕರುಗಳ ಬಾಯಿಗೆ ಸಿಗುತ್ತಿದೆ ಎಂಬುದನ್ನು ಆ ಅಧ್ಯಯನ ತೋರಿಸಿತು. ಅವರು ಸಂಸ್ಥೆ ಸೇರಿದ ಹತ್ತು ವರ್ಷಗಳ ನಂತರ, 1983ರಲ್ಲಿ, ಪರಿಸರ ವಿಜ್ಞಾನ ಕೇಂದ್ರ ಹುಟ್ಟಿತು. ಆ ಹತ್ತು ವರ್ಷಗಳ ಕಾಲ ಸಂಸ್ಥೆ ತಾಳ್ಮೆಯಿಂದ ಬೆಂಬಲಿಸಿತು ಎಂಬ ಸಂಗತಿಯನ್ನು ನಮ್ಮ ಆಡಳಿತಗಾರರು ಗಮನಿಸಬೇಕೆಂದು ನನ್ನ ಕಳಕಳಿಯ ಕೋರಿಕೆ.

ವಯಸ್ಸಿನ ಲೆಕ್ಕ ಇನ್ನೊಂದು. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರು 62ಕ್ಕೆ ನಿವೃತ್ತರಾಗುತ್ತಾರೆ; 2022ರ ಯುಜಿಸಿ ಪಿಎಚ್‌ಡಿ ನಿಯಮದ ಪ್ರಕಾರ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸ ಸಂಶೋಧನಾ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವಂತಿಲ್ಲ. ಒಮ್ಮೆಲೇ ಹತ್ತು ಜನರನ್ನು ತೆಗೆದುಕೊಂಡು ಆಮೇಲೆ ದಶಕಗಟ್ಟಲೆ ಬಾಗಿಲು ಮುಚ್ಚಿದ ವಿಭಾಗದಲ್ಲಿ ಆ ಹತ್ತೂ ಜನ ಒಟ್ಟಿಗೆ 59ನ್ನು ತಲುಪುತ್ತಾರೆ, ಸಂಶೋಧನೆ ಅಲ್ಲಿಗೇ ನಿಲ್ಲುತ್ತದೆ. ಶಿರಸಿಯ ಅಡಿಕೆ ಬೆಳೆಗಾರರು ಹಳೆಯ ಮರಗಳು ಬೀಳುವವರೆಗೆ ಕಾಯುವುದಿಲ್ಲ. ಅವು ಫಸಲು ಕೊಡುತ್ತಿರುವಾಗಲೇ ನಡುವೆ ಎಡೆಸಸಿ ಹಾಕಿರುತ್ತಾರೆ. ವರ್ಷಕ್ಕೆ ಒಂದೆರಡಾದರೂ ಸರಿ, ತಪ್ಪದೆ ನೇಮಕಾತಿ ನಡೆಯುವ ವಿಭಾಗಕ್ಕೆ ಆ ಆರೋಗ್ಯ ಇರುತ್ತದೆ.

ಈಗ ನೇಮಕವಾದ ಮೇಲಿನ ಮಾತು. ನಾವು ಅತಿ ಹೆಚ್ಚು ಜನರನ್ನು ಕಳೆದುಕೊಳ್ಳುವುದು ಇಲ್ಲಿಯೇ ಆದ್ದರಿಂದ ಇದನ್ನು ತುಸು ದೀರ್ಘವಾಗಿ ಹೇಳಬೇಕಾಗಿದೆ. ಕರಾವಳಿಯಲ್ಲಿ ಅಳಿವೆಯ ಅಧ್ಯಯನ ಮಾಡುವವರಿಗೆ ವರ್ಷ ಏಪ್ರಿಲ್‌ನಿಂದ ಮಾರ್ಚ್‌ಗೆ ಓಡುವುದಿಲ್ಲ, ಮಳೆಯಿಂದ ಮಳೆಗೆ ಓಡುತ್ತದೆ. ಜೂನ್‌ನಲ್ಲಿ ಮಳೆ ಹಿಡಿದೊಡನೆ ಅಳಿವೆಯ ಉಪ್ಪಿನಂಶ ಕುಸಿಯುತ್ತದೆ. ಅದರ ಮುಂಚಿನ ಬೇಸಿಗೆಯ ಅಳತೆ, ಮಳೆಗಾಲದ ಅಳತೆ, ನಂತರದ ಅಳತೆ ಮೂರೂ ಸೇರಿದರೆ ಮಾತ್ರ ಒಂದು ವರ್ಷದ ದತ್ತಾಂಶ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಟ್ರಾಲ್ ಬಲೆಗೆ ಬೀಳುವ ಮೀನಿನ ಮಾದರಿ ಬೇಕಾದವರು ಮೇ ಒಳಗೇ ತೆಗೆದಿಟ್ಟುಕೊಳ್ಳಬೇಕು. ವಿಶ್ವವಿದ್ಯಾಲಯದ ಹಣ ನಡೆಯುವ ಬಗೆಯೇ ಬೇರೆ. ಆಗಸ್ಟ್‌ನಲ್ಲಿ ಬಜೆಟ್ ಹಂಚಿಕೆ, ಅಕ್ಟೋಬರ್‌ನಲ್ಲಿ ಮಂಜೂರಾತಿ, ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್, ಒಬ್ಬರೇ ಬಿಡ್ ಹಾಕಿದರೆ ಮರುಟೆಂಡರ್, ಮಾರ್ಚ್ ಕೊನೆಯ ವಾರದಲ್ಲಿ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಿ ಎಂಬ ಅವಸರ. ಹೀಗೆ ಒಂದು ಉಪಕರಣ ತಡವಾದರೆ ಹೊಸ ಅಧ್ಯಾಪಕಿಗೆ ಹೋಗುವುದು ಒಂದು ತಿಂಗಳಲ್ಲ, ಒಂದು ಮಳೆಗಾಲ. ಎರಡು ಮಳೆಗಾಲ ಹೋದರೆ ಪ್ರಬಂಧವಿಲ್ಲ. ಪ್ರಬಂಧವಿಲ್ಲದೆ ಹೊರಗಿನ ಅನುದಾನವಿಲ್ಲ. ಪಿಎಚ್‌ಡಿ ಇದ್ದವರಿಗೆ ನಾಲ್ಕು ವರ್ಷಕ್ಕೆ ಬರುವ ಮೊದಲ ಬಡ್ತಿಯ ಹೊತ್ತಿಗೆ ಅವಳ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಆಗ ಅವಳು ಹೊರಟುಹೋದರೆ "ಸಣ್ಣ ಊರು, ನಿಲ್ಲಲಿಲ್ಲ" ಎನ್ನುತ್ತೇವೆ. ಅದು ಅನ್ಯಾಯದ ಮಾತು.

ಆದ್ದರಿಂದ ಆರಂಭಿಕ ಅನುದಾನವನ್ನು ನೇಮಕಾತಿ ಆದೇಶದ ಜೊತೆಗೇ ಕೊಡಬೇಕು, ಸಣ್ಣ ಖರೀದಿಗಳ ಅಧಿಕಾರವನ್ನು ವಿಭಾಗಕ್ಕೇ ಬಿಡಬೇಕು, ಖರ್ಚಾಗದ ಹಣ ಮಾರ್ಚ್ 31ಕ್ಕೆ ಮರಳಿ ಹೋಗದೆ ಮೂರು ವರ್ಷ ಉಳಿಯುವಂತಿರಬೇಕು. ಹಣದ ಮೊತ್ತಕ್ಕಿಂತ ಅದು ಕೈಗೆ ಬರುವ ದಿನವೇ ಇಲ್ಲಿ ಹೆಚ್ಚು ಮುಖ್ಯ ಎಂಬುದು ನನ್ನ ದೃಢವಾದ ನಂಬಿಕೆ.

ಸಮಯವೂ ಒಂದು ಅನುದಾನವೇ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ ಎಂದು ಯುಜಿಸಿ ನಿಯಮ ಹೇಳುತ್ತದೆ. ಹುದ್ದೆಗಳು ಖಾಲಿಯಿದ್ದು ಅತಿಥಿ ಉಪನ್ಯಾಸಕರ ಮೇಲೆಯೇ ವಿಭಾಗ ನಡೆಯುವಲ್ಲಿ ಪರೀಕ್ಷೆ, ಗುಣಮಟ್ಟ ಮೌಲ್ಯಾಂಕನದ (ನ್ಯಾಕ್) ಕಡತ, ಹಾಸ್ಟೆಲ್ ಮೇಲ್ವಿಚಾರಣೆ ಎಲ್ಲವೂ ಹೊಸದಾಗಿ ಬಂದ ಕಾಯಂ ಅಧ್ಯಾಪಕರ ತಲೆಗೇ ಬರುತ್ತವೆ, ಏಕೆಂದರೆ ಅವರು ಇಲ್ಲ ಎನ್ನಲಾರರು. ಮೊದಲ ಎರಡು ವರ್ಷ ಅವರಿಗೆ ಒಂದೇ ವಿಷಯದ ಪಾಠವನ್ನು ಮತ್ತೆ ಮತ್ತೆ ಕೊಡಿ, ಸಮಿತಿಗಳಿಂದ ದೂರವಿಡಿ ಎಂದು ನಾನು ವಿಭಾಗದ ಮುಖ್ಯಸ್ಥರಿಗೆಲ್ಲ ಹೇಳುತ್ತ ಬಂದಿದ್ದೇನೆ. ಅತಿಥಿ ಉಪನ್ಯಾಸಕರಲ್ಲಿಯೂ ಸಂಶೋಧನೆಯ ಹಂಬಲವಿರುವವರು ಅನೇಕರಿದ್ದಾರೆ. ವರ್ಷವರ್ಷವೂ ಅವರನ್ನು ಅನಿಶ್ಚಿತತೆಯಲ್ಲಿಟ್ಟು ಅಧ್ಯಾಪಕ ವರ್ಗವನ್ನು ಬೆಳೆಸುತ್ತಿದ್ದೇವೆ ಎಂದು ಹೇಳಿಕೊಳ್ಳುವುದು ಸರಿಯಲ್ಲ.

ಒಂಟಿತನಕ್ಕೆ ಮದ್ದು ನಮ್ಮ ಜಿಲ್ಲೆಯಲ್ಲಿಯೇ ಇದೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಕಾರವಾರದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಕುಮಟಾದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಷೇತ್ರ ಕೇಂದ್ರವಿದೆ, ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಎಂ.ಡಿ. ಸುಭಾಷ್‌ಚಂದ್ರನ್ ಅವರು ಗಾಡ್ಗೀಳರೊಡನೆ ಸೇರಿ ದೇವರಕಾಡುಗಳ ಬಗ್ಗೆ ಮಹತ್ವದ ಕೆಲಸ ಮಾಡಿದರು. ಕಾಲೇಜು ಅಧ್ಯಾಪಕನೊಬ್ಬನಿಗೆ ದೊಡ್ಡ ಸಂಸ್ಥೆಯೊಂದರ ಸಾಂಗತ್ಯ ಸಿಕ್ಕರೆ ಏನಾಗಬಹುದು ಎಂಬುದನ್ನು ಅವರಲ್ಲಿ ನೋಡಬಹುದು. ಪ್ರತಿ ಹೊಸ ಅಧ್ಯಾಪಕರಿಗೆ ಸ್ವಂತ ವಿಭಾಗದ ಒಬ್ಬ ಹಿರಿಯರು, ಹೊರಗಿನ ಒಬ್ಬ ಹಿರಿಯರು ಮಾರ್ಗದರ್ಶಕರಾಗಿರಬೇಕು. ಅವರು ಅನುದಾನದ ಅರ್ಜಿಯ ಕರಡನ್ನು ಕೂತು ಓದಿ ತಿದ್ದಬೇಕು. ಹಾರೈಸಿ ಬೆನ್ನು ತಟ್ಟಿದರೆ ಸಾಲದು.

ಸಂಸಾರದ ವಿಷಯ ಸಂಕ್ಷೇಪವಾಗಿ: ಸಂಗಾತಿಗೆ ಕೆಲಸ, ಮಕ್ಕಳಿಗೆ ಶಾಲೆ, ವಸತಿಗೃಹ, ಆಸ್ಪತ್ರೆ. ದೊಡ್ಡ ಕಾಯಿಲೆಗೆ ಇಂದಿಗೂ ಗೋವಾ, ಮಣಿಪಾಲ, ಹುಬ್ಬಳ್ಳಿಗೆ ಓಡಬೇಕಾದ ಜಿಲ್ಲೆಯಲ್ಲಿ ಆಸ್ಪತ್ರೆಗಾಗಿ ನಡೆಯುವ ಹೋರಾಟವನ್ನು ಅಧ್ಯಾಪಕರನ್ನು ಉಳಿಸಿಕೊಳ್ಳುವ ಹೋರಾಟವೆಂದೂ ನಾನು ಭಾವಿಸುತ್ತೇನೆ. ಗಂಡ ಹೆಂಡತಿ ಇಬ್ಬರೂ ಸಂಶೋಧಕರಾಗಿದ್ದರೆ ಇಬ್ಬರ ಅರ್ಜಿಗಳನ್ನೂ ಅರ್ಹತೆಯ ಮೇಲೆ, ಆದರೆ ಒಂದೇ ಸುತ್ತಿನಲ್ಲಿ ಪರಿಶೀಲಿಸುವುದು ಯಾವ ನಿಯಮಕ್ಕೂ ವಿರುದ್ಧವಲ್ಲ.

ಇದೇ ಪ್ರಶ್ನೆಯನ್ನು ಪಿಎಚ್‌ಡಿ ಮುಗಿಸಿದ ನಮ್ಮೂರ ಮಕ್ಕಳು ತಿರುಗಿಸಿ ಕೇಳುತ್ತಾರೆ: "ಸರ್, ನಾವು ಇಂಥ ಕಡೆ ಅರ್ಜಿ ಹಾಕಬಹುದೇ?" ಅವರಿಗೆ ನಾನು ಹೇಳುವುದಿಷ್ಟು. ಸಂದರ್ಶನದ ಕೊನೆಯಲ್ಲಿ ನಿಮಗೇನಾದರೂ ಕೇಳುವುದಿದೆಯೇ ಎಂದಾಗ ಸುಮ್ಮನೆ ನಮಸ್ಕರಿಸಿ ಎದ್ದು ಬರಬೇಡಿ. ಆರಂಭಿಕ ಅನುದಾನ ಯಾವ ತಿಂಗಳಲ್ಲಿ ಬಿಡುಗಡೆಯಾಗುತ್ತದೆ, ಮೊದಲ ವರ್ಷ ಎಷ್ಟು ಗಂಟೆ ಪಾಠವಿರುತ್ತದೆ, ಪ್ರಯೋಗಾಲಯದ ಕೋಣೆ ಯಾವುದು, ಕಳೆದ ಬಾರಿ ಸೇರಿದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಸಾಧ್ಯವಾದರೆ ಆ ಕೊನೆಯವರನ್ನು ಹುಡುಕಿ ಮಾತನಾಡಿಸಿ, ಆಮೇಲೆ ನಿರ್ಧರಿಸಿ.