ಅಂಗಳ ನೋಡಲು ಇಂಟರ್ನೆಟ್ ಬೇಕಾ?

ಉಡುಪಿಯಲ್ಲಿ ನಿನ್ನೆಯಿಂದ ಜೋರು ಗಾಳಿಮಳೆ. ಎಲ್ಲೋ ಮರ ಬಿದ್ದು ಫೈಬರ್ ಕೇಬಲ್ ತುಂಡಾಗಿದೆ. ರಾತ್ರಿ ಅಂಗಳದಲ್ಲಿ ಏನೋ ಸದ್ದಾಯಿತು. ಅಂಗಳದ ಕ್ಯಾಮೆರಾದ ಆ್ಯಪ್ ತೆರೆದರೆ ಬರೀ ಚಕ್ರ ಸುತ್ತುತ್ತಿತ್ತು. ಹತ್ತು ಅಡಿ ಆಚೆಯ ಅಂಗಳ ಯಾವುದೋ ದೂರದ ಸರ್ವರ್‌ಗೆ ಹೋಗಿ, ಅಲ್ಲಿಂದ ನನ್ನ ಫೋನಿಗೆ ಬರಬೇಕಂತೆ! ನಮ್ಮ ಅಂಗಳಕ್ಕೆ ಇಷ್ಟು ಸುತ್ತು ದಾರಿ ಯಾವಾಗ ಬಂತೋ.

ಕ್ಯಾಮೆರಾ, ಫೋನು ಎರಡೂ ಒಂದೇ ವೈಫೈಯಲ್ಲಿವೆ. ರೂಟರ್ ಇನ್ವರ್ಟರ್ ಮೇಲೆ ಓಡುತ್ತಿತ್ತು. ಮತ್ತೆ ನಡುವೆ ಇಂಟರ್ನೆಟ್ ಯಾಕೆ, ಅಲ್ವಾ? ಬ್ರೌಸರ್‌ನಲ್ಲಿ ಕ್ಯಾಮೆರಾದ ಐಪಿ ವಿಳಾಸ (ಮನೆಯ ವೈಫೈಯಲ್ಲಿ ಅದರ ನಂಬರ್) ಹಾಕಿ, ಸೆಟ್ಟಿಂಗ್‌ನಲ್ಲಿ ಆರ್‌ಟಿಎಸ್‌ಪಿ (ಕ್ಯಾಮೆರಾದ ವಿಡಿಯೊ ನೇರವಾಗಿ ನೋಡುವ ದಾರಿ) ಆನ್ ಮಾಡಿದೆ. ಆಮೇಲೆ ಫೋನಿನ ವಿಎಲ್‌ಸಿ ಎಂಬ ವಿಡಿಯೊ ಆ್ಯಪ್‌ನಲ್ಲಿ ಅದೇ ವಿಳಾಸ, 554ನೇ ಪೋರ್ಟ್, ಪಾಸ್‌ವರ್ಡ್. ವಿಳಾಸದ ಕೊನೆಯ ತುಂಡು ಮಾತ್ರ ಒಂದೊಂದು ಕಂಪನಿಗೆ ಒಂದೊಂದು ಥರ. ಅದನ್ನು ಬರೆದಿರುವ, ಕ್ಯಾಮೆರಾ ಡಬ್ಬದೊಳಗಿನ ಪುಸ್ತಕ ಹುಡುಕಲು ಅರ್ಧ ಗಂಟೆ ಹೋಯಿತು.

ಅಂಗಳ ಬಂತು! ಒಂದೆರಡು ಸೆಕೆಂಡ್ ತಡ, ಅಷ್ಟೇ. ಐಪಿ ಬದಲಾಗದ ಹಾಗೆ ರೂಟರ್‌ನಲ್ಲಿ ಕಾಯಂ ಮಾಡಿಟ್ಟೆ.

ಪಕ್ಕದ ಮನೆಯ ಬೆಕ್ಕು ಜಗಲಿಯಲ್ಲಿ ಒದ್ದೆಯಾಗಿ ಕೂತಿತ್ತು. ಅಮ್ಮನಿಗೆ ಹೆಮ್ಮೆಯಿಂದ ತೋರಿಸಿದೆ.

"ಕಿಟಕಿ ತೆಗೆದರೆ ಕಾಣುವುದಿಲ್ವಾ ಮಾರಾಯ?"