ಗಟ್ಟಿಮೇಳದ ಎರಡು ಪೆಟ್ಟು

ಆಷಾಢ ಬಂತೆಂದರೆ ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ ಅರೆಹೊಟ್ಟೆ. ಛತ್ರಗಳಿಗೆ ಬೀಗ. ಹಿಂದಿನ ತಿಂಗಳುಗಳ ಬಾಕಿ ಕೆಲಸ ಎಳೆಯುತ್ತಾ, ಬಾಕಿ ದುಡ್ಡಿಗೆ ಫೋನ್ ಮಾಡುತ್ತಾ ದಿನ ತಳ್ಳುತ್ತೇವೆ. ಅಂಥ ಒಂದು ಭಾನುವಾರ, ತುಮಕೂರಿನ ಗುಬ್ಬಿ ಗೇಟ್ ಹತ್ತಿರ ಗೆಳೆಯನೊಬ್ಬನ ಸ್ಟುಡಿಯೋ ಮಹಡಿಯಲ್ಲಿ ಜಿಲ್ಲೆಯ ಎಡಿಟರ್‌ಗಳು ಒಂದಷ್ಟು ಜನ ಸೇರೋಣ ಅಂತ ಮಾತಾಯಿತು. ನಾನು ಬರಲ್ಲ ಅಂದೆ. ಕೆಲಸ ಇದೆ ಅಂತ ಸುಳ್ಳು ಹೇಳಿದೆ. ಅಸಲಿಗೆ ಹೆದರಿಕೆ. ಅವನ ಷರತ್ತು ಹಾಗಿತ್ತು: "ಮುಗಿಸಿದ ವಿಡಿಯೋ ಯಾರೂ ತರಬೇಡಿ. ಪ್ರಾಜೆಕ್ಟ್ ತನ್ನಿ. ಟೈಮ್‌ಲೈನ್ ಬಿಚ್ಚಿ ತೋರಿಸಬೇಕು."

ಟೈಮ್‌ಲೈನ್ ಅಂದರೆ ಚಿತ್ರದ, ಸದ್ದಿನ ತುಂಡುಗಳನ್ನು ಸಾಲಾಗಿ ಜೋಡಿಸುವ ಜಾಗ, ನಮ್ಮ ಅಡುಗೆಮನೆ. ನೆಂಟರಿಗೆ ಎಲೆ ಹಾಕಿ ಊಟ ಬಡಿಸುತ್ತೇವೆ, ತೊಳೆಯದ ಪಾತ್ರೆ ಯಾರಾದರೂ ತೋರಿಸುತ್ತಾರಾ? ನನ್ನ ಫೋಲ್ಡರ್‌ಗಳ ಹೆಸರು ನೋಡಿದರೇ ಮಾನ ಹೋಗುತ್ತದೆ. 'ಫೈನಲ್', 'ಫೈನಲ್ 2', 'ಪಕ್ಕಾ ಫೈನಲ್', 'ಪಕ್ಕಾ ಫೈನಲ್ ಸೋದರಮಾವ ಹೇಳಿದ್ದು'.

ಈ ಮುಚ್ಚಿಡುವ ಬುದ್ಧಿ ನಾನು ಕಲಿತದ್ದೇ ಕೆಲಸದ ಜೊತೆಗೆ. ಶುರುವಿನಲ್ಲಿ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಅಸಿಸ್ಟೆಂಟ್ ಆಗಿದ್ದೆ. ದಿನಾ ಬೆಳಗ್ಗೆ ರೈಲು, ಸುಮಾರು 70 ಕಿಲೋಮೀಟರ್, ರಾತ್ರಿ ವಾಪಸ್. ಅಲ್ಲಿನ ಸೀನಿಯರ್ ಕಲರ್ ಮಾಡಲು, ಅಂದರೆ ಚಿತ್ರದ ಬಣ್ಣ ತಿದ್ದಲು, ಕೂತರೆ ಮಾನಿಟರನ್ನು ಗೋಡೆ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. "ಹೋಗಿ ಟೀ ತಗೊಂಡು ಬಾ" ಅನ್ನುತ್ತಿದ್ದರು. ನಾನು ಟೀ ತರುವಷ್ಟರಲ್ಲಿ ಕಲಿಯಬೇಕಾದ್ದು ಮುಗಿದಿರುತ್ತಿತ್ತು. ಒಂದೂವರೆ ವರ್ಷದಲ್ಲಿ ಆ ರಸ್ತೆಯ ಎಲ್ಲಾ ಟೀ ಅಂಗಡಿಗಳ ಪರಿಚಯ ಆಯಿತು, ಕಲರ್ ಮಾತ್ರ ಬರಲಿಲ್ಲ. ಆಮೇಲೆ ಊರಿಗೆ ಬಂದು ಸ್ವಂತ ಮಳಿಗೆ ಹಾಕಿದೆ. ನನ್ನ ಕೈಕೆಳಗೂ ಒಬ್ಬ ಹುಡುಗ ಬಂದ. ನನ್ನ ಮಾನಿಟರ್ ಯಾವ ಕಡೆಗೆ ಇತ್ತು ಅಂತ ಬೇರೆ ಹೇಳಬೇಕಾ?

ಕೊನೆಗೆ ಹೋದೆ. ಹುಡುಗನನ್ನೂ ಕರೆದುಕೊಂಡು ಹೋದೆ, ಸಿಪಿಯು ಹೊರಲು ಒಬ್ಬರು ಬೇಕಲ್ಲ.

ಹನ್ನೊಂದು ಜನ ಇದ್ದೆವು. ತಿಪಟೂರಿನವನು ರೈಲಿನಲ್ಲಿ ಬಂದಿದ್ದ. ಶಿರಾದಿಂದ ಒಬ್ಬಳು ಹುಡುಗಿ ಬಸ್ಸಿನಲ್ಲಿ ಬಂದಿದ್ದಳು, ಯೂಟ್ಯೂಬ್ ಚಾನೆಲ್‌ಗಳಿಗೆ ರೀಲ್ಸ್ ಕತ್ತರಿಸುತ್ತಾಳೆ. ಮಧುಗಿರಿ, ಕುಣಿಗಲ್‌ನಿಂದ ತಲಾ ಒಬ್ಬರು. ಅರ್ಧ ಜನ ಎಡಿಯಸ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಭಕ್ತರು. ಮದುವೆ ಕೆಲಸಕ್ಕೆ ಅದರಷ್ಟು ಬೇಗ ಯಾವುದೂ ಓಡಲ್ಲ ಅನ್ನುವವರು. ಇನ್ನರ್ಧ ಪ್ರೀಮಿಯರ್. ಹುಡುಗಿ ಒಬ್ಬಳೇ ಡಾವಿಂಚಿ ರಿಸಾಲ್ವ್. "ಫ್ರೀ ವರ್ಷನ್ನೇ ನನಗೆ ಸಾಕು ಅಣ್ಣ" ಅಂದಳು. ಒಂದು ಗಂಟೆ ಈ ಜಗಳದಲ್ಲೇ ಹೋಯಿತು, ಅದರಲ್ಲಿ ಬರೆಯುವಂಥದ್ದೇನೂ ಇಲ್ಲ.

ಬರೆಯಬೇಕಾದ್ದು ಗುಬ್ಬಿಯಿಂದ ಬಂದಿದ್ದ ಹಿರಿಯರ ಬಗ್ಗೆ. ಎಲ್ಲರೂ ಮೇಷ್ಟ್ರು ಅಂತಿದ್ದರು, ಪಾಠ ಮಾಡಿದವರೇನಲ್ಲ. ಕನ್ನಡ ಚಿತ್ರಗಳ ಕೆಲಸ ಇನ್ನೂ ಮದರಾಸಿನಲ್ಲೇ ಜಾಸ್ತಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಎಡಿಟಿಂಗ್ ಅಸಿಸ್ಟೆಂಟ್ ಆಗಿದ್ದವರು. ಕಂಪ್ಯೂಟರ್ ಮುಟ್ಟಿಲ್ಲ. ಅಂಗಿ ಜೇಬಿನಿಂದ ಒಂದು ನಶ್ಯದ ಡಬ್ಬಿ ತೆಗೆದರು. ಒಳಗೆ ಸುರುಳಿ ಸುತ್ತಿದ ಒಂದಡಿ ಉದ್ದದ 35 ಎಂಎಂ ಫಿಲ್ಮ್ ತುಂಡು.

"ಎಣಿಸಿ" ಅಂದರು. ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿದೆವು. 16 ಫ್ರೇಮ್, ಅಂದರೆ 16 ಬಿಡಿ ಚಿತ್ರ. ಯಾವುದೋ ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಹದಿನಾರರಲ್ಲೂ ಒಂದೇ ಥರ. ಕೊನೆಯ ಎರಡರಲ್ಲಿ ಮಾತ್ರ ರೆಪ್ಪೆ ಸ್ವಲ್ಪ ಕೆಳಗೆ. ಸೆಕೆಂಡಿಗೆ 24 ಫ್ರೇಮ್ ಅಂದರೆ ಒಂದೂವರೆ ಅಡಿ ಫಿಲ್ಮ್, ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಒಂದು ರೀಲ್ ಹನ್ನೊಂದು ನಿಮಿಷದಲ್ಲಿ ಖಾಲಿ. "ನಿಮಗೆ ಫ್ರೇಮ್ ಅಂದ್ರೆ ನಂಬರ್ರು. ನಮಗೆ ಬೆರಳಿಗೆ ಸಿಗೋದು" ಅಂದರು. ಚಿತ್ರಕ್ಕೊಂದು ರೀಲು, ಸದ್ದಿಗೆ ಬೇರೆ ಮ್ಯಾಗ್ನೆಟಿಕ್ ರೀಲು. ಕತ್ತರಿಸುವ ಜಾಗಕ್ಕೆ ಮೇಣದ ಪೆನ್ಸಿಲ್‌ನಲ್ಲಿ ಗೆರೆ. ಕತ್ತರಿಸಿ ಉಳಿದ ತುಂಡುಗಳನ್ನು ಸಾಲಾಗಿ ಮೊಳೆಗೆ ನೇತುಹಾಕಿ, ಬಾಲ ನೆಲಕ್ಕೆ ತಾಗಿ ಗೀಚಬಾರದು ಅಂತ ಕೆಳಗೆ ಒಳಗೆಲ್ಲ ಬಟ್ಟೆ ಹೊಲಿದ ಒಂದು ತೊಟ್ಟಿ ಇಡುತ್ತಿದ್ದರು. ಅದರ ಹೆಸರು ಬಿನ್.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಾಫ್ಟ್‌ವೇರ್‌ನಲ್ಲಿ ಕ್ಲಿಪ್‌ಗಳನ್ನು ಇಡುವ 'ಬಿನ್' ಅನ್ನು ದಿನಕ್ಕೆ ನೂರು ಸಲ ಕ್ಲಿಕ್ ಮಾಡುತ್ತೇವೆ. ನಾನಂತೂ ಅದನ್ನು ಕಸದ ಬುಟ್ಟಿ ಅಂತಲೇ ಅಂದುಕೊಂಡಿದ್ದೆ. ಸಾಫ್ಟ್‌ವೇರ್‌ನಲ್ಲಿರುವ ಆ ಬ್ಲೇಡ್ ಗುರುತೂ ಅಲ್ಲಿಂದ ಬಂದದ್ದೇ. ಮೇಷ್ಟ್ರ ಎಡಗೈ ಹೆಬ್ಬೆರಳಿನ ತುದಿಯಲ್ಲಿ ಬಿಳಿ ಗಾಯದ ಗೆರೆ ಒಂದಿದೆ. ಕಂಟ್ರೋಲ್ ಝಡ್ ಇಲ್ಲದ ಕಾಲದ್ದು.

ಆಮೇಲೆ ನನ್ನ ಸರದಿ. ನಾನು ತಂದಿದ್ದು ಜ್ಯೇಷ್ಠದಲ್ಲಿ ನಡೆದ ಒಂದು ಮದುವೆ. ಧಾರೆಯ ಭಾಗ ಹಾಕಿದೆ. ಹುಡುಗಿಯ ಅಪ್ಪ ಚೊಂಬು ಹಿಡಿದು ಹಾಲು ನೀರು ಬಿಡುತ್ತಿದ್ದಾರೆ, ಅದರ ಮೇಲೆ ಒಂದು ಸಿನಿಮಾ ಹಾಡು. ಸ್ಲೋ ಮೋಷನ್. ಚೆನ್ನಾಗಿದೆ ಅಂತ ಎಲ್ಲರೂ ತಲೆ ಆಡಿಸಿದರು.

ಮೇಷ್ಟ್ರು ಕೇಳಿದರು, "ಹಾಡಿನ ಕೆಳಗೆ ಏನಿದೆ?"

"ಏನಿಲ್ಲ ಸಾರ್. ಸುಮ್ನೆ ಗಲಾಟೆ."

"ಕೇಳಿಸಿ."

ಹಾಡಿನ ಟ್ರ್ಯಾಕ್ ಮ್ಯೂಟ್ ಮಾಡಿದೆ. ಕೆಳಗಿನದನ್ನು ತೆರೆದೆ. ಓಲಗ, ಪುರೋಹಿತರ ಮಂತ್ರ, ಯಾರೋ "ಲೇ, ತಲೆ ಬಗ್ಸೋ" ಅಂತ ಬೈಯುವುದು, ಚೊಂಬಿಗೆ ಬಳೆ ತಾಗಿದ ಸದ್ದು. ಅಪ್ಪ ಮಂತ್ರದ ಒಂದೊಂದೇ ತುಂಡನ್ನು ತೊದಲುತ್ತಾ ಹೇಳುತ್ತಿದ್ದಾರೆ. ಪುರೋಹಿತರು ಮಗಳ ಹೆಸರು ಹೇಳಿ ಅಂದರು. ಅವರು ಗಂಟಲು ಸರಿ ಮಾಡಿಕೊಂಡರು. ಒಂದು ಕ್ಷಣ ಬಿಟ್ಟು "ಪುಟ್ಟಿ" ಅಂದರು. "ಪೂರ್ತಿ ಹೆಸರು ಸ್ವಾಮಿ" ಅಂದರು ಪುರೋಹಿತರು. ಸುತ್ತ ನಿಂತವರು ನಕ್ಕರು. ಅಪ್ಪ ನಗಲಿಲ್ಲ.

ಈ ಮದುವೆಯನ್ನು ಒಂಬತ್ತು ದಿನ ಕೂತು ಕತ್ತರಿಸಿದ್ದೆ. ಇದು ನನ್ನ ಕಿವಿಗೇ ಬಿದ್ದಿರಲಿಲ್ಲ.

"ಇದನ್ನ ಯಾಕೆ ಮುಚ್ಚಿದ್ರಿ?"

ಮದುವೆ ಪಾರ್ಟಿಯವರು ಹಾಡೇ ಬೇಕು ಅಂತಾರೆ ಸಾರ್, ಅಂದೆ. ಅದು ಅರ್ಧ ನಿಜ. ಇನ್ನರ್ಧ ಪರದೆ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಅಪ್ಪನ ತುಟಿ ಮೊದಲು ಅಲ್ಲಾಡುತ್ತಿತ್ತು, ಮಾತು ಆಮೇಲೆ ಬರುತ್ತಿತ್ತು. ಅಪ್ಪನ ಮುಖ ಹತ್ತಿರದಿಂದ ಸಿಕ್ಕಿದ್ದು ನಮ್ಮ ಕ್ಯಾಮೆರಾದಲ್ಲಿ ಅಲ್ಲ. ನಮ್ಮ ಕ್ಯಾಮೆರಾ ಮುಂದೆ ನೆಂಟರ ಬೆನ್ನುಗಳ ಗೋಡೆ. ಹುಡುಗಿಯ ತಮ್ಮ ಕುರ್ಚಿ ಹತ್ತಿ ಫೋನಿನಲ್ಲಿ ಹಿಡಿದಿದ್ದ. ಆ ಫೋನಿನ ಫೈಲಿನಲ್ಲಿ ಚಿತ್ರಕ್ಕೂ ಸದ್ದಿಗೂ ತಾಳ ತಪ್ಪುತ್ತಿತ್ತು. ವರ್ಷಗಳಿಂದ ನನಗೆ ಈ ಕಾಟ. ಮದ್ದು ಗೊತ್ತಿರಲಿಲ್ಲ. ಹಾಡು ಹಾಕಿ ಮುಚ್ಚುವುದೇ ಮದ್ದು ಮಾಡಿಕೊಂಡಿದ್ದೆ.

ಶಿರಾದ ಹುಡುಗಿ ಎದ್ದು ಬಂದು ಪಕ್ಕದಲ್ಲಿ ನಿಂತಳು. "ಅಣ್ಣ, ಮೊದಲನೇ ಗಟ್ಟಿಮೇಳಕ್ಕೆ ಹೋಗಿ."

ಜೀರಿಗೆ ಬೆಲ್ಲದ ಹೊತ್ತಿನ ಗಟ್ಟಿಮೇಳ. ಸದ್ದಿನ ಏರಿಳಿತ ಗೆರೆಯಾಗಿ ಕಾಣುವ ವೇವ್‌ಫಾರ್ಮ್‌ನಲ್ಲಿ ಡೋಲಿನ ಮೊದಲ ಪೆಟ್ಟು ತೆಂಗಿನ ಮರದ ಹಾಗೆ ಉದ್ದಕ್ಕೆ ಎದ್ದು ನಿಂತಿರುತ್ತದೆ, ತಪ್ಪಿಸಿಕೊಳ್ಳೋ ಹಾಗೇ ಇಲ್ಲ. ಫೋನಿನ ಚಿತ್ರದ ಮೂಲೆಯಲ್ಲಿ ಡೋಲಿನವರೂ ಕಾಣುತ್ತಿದ್ದರು. ಕೋಲು ಬಿದ್ದ ಫ್ರೇಮೂ ಸದ್ದು ಎದ್ದ ಫ್ರೇಮೂ ಒಂದೇ.

"ಈಗ ತಾಳಿ ಕಟ್ಟೋ ಗಟ್ಟಿಮೇಳ."

ಅಲ್ಲಿ ಕೋಲು ಬಿದ್ದು 31 ಫ್ರೇಮ್ ಆದ ಮೇಲೆ ಸದ್ದು. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಒಂದು ಸೆಕೆಂಡಿನ ಮೇಲೆ. ತಾಳಿ ಬಿಗಿದು ಕೈ ತೆಗೆದ ಮೇಲೆ ಡೋಲು ಬಡಿದ ಹಾಗೆ. ಚಿತ್ರಕ್ಕೆ ಸದ್ದು ಹೊಂದಿಸಲು ಸಿನಿಮಾದವರು ಬಡಿಯುವ ಕ್ಲ್ಯಾಪ್ ಬೋರ್ಡ್ ಇಲ್ಲದ ನಮ್ಮ ಮದುವೆಗಳಲ್ಲಿ ದೇವರು ಎರಡು ಕ್ಲ್ಯಾಪ್ ಇಟ್ಟಿದ್ದಾನೆ, ನಾನು ಅದನ್ನು ಗಮನಿಸಿಯೇ ಇರಲಿಲ್ಲ ನೋಡಿ.

"ಎಳೆದು ನೋಡಿದ್ದೆ ಕಣಮ್ಮ, ಕೂರಲಿಲ್ಲ" ಅಂದೆ. ಚಿತ್ರದ ಸ್ಪೀಡ್ ಒಂದು ಚೂರು ಕಮ್ಮಿ ಮಾಡಿ ಹಿಗ್ಗಿಸಿದ್ದೆ. ಎರಡು ತುದಿ ಕೂತರೆ ಮಧ್ಯದ ಧಾರೆ ಜಾರುತ್ತಿತ್ತು.

"ರಬ್ಬರ್ ಥರ ಎಳೆದ್ರೆ ಆಗಲ್ಲ ಅಣ್ಣ. ಫೋನು ಒಂದೇ ಸಮ ಓಡಿಲ್ಲ." ಮೀಡಿಯಾಇನ್ಫೋ ಅಂತ ಒಂದು ಪುಟ್ಟ ಸಾಫ್ಟ್‌ವೇರ್‌ನಲ್ಲಿ ಆ ಫೈಲ್ ತೆರೆದಳು. ಫ್ರೇಮ್ ರೇಟ್ ಮೋಡ್ ಅನ್ನುವ ಸಾಲಿನಲ್ಲಿ 'ವೇರಿಯಬಲ್' ಅಂತ ಬರೆದಿತ್ತು. ಕ್ಯಾಮೆರಾ ಆದರೆ ಸೆಕೆಂಡಿಗೆ 25 ಅಂದರೆ 25. ಫೋನು ಹಾಗಲ್ಲ. 30 ಅಂತ ಹೇಳಿಕೊಂಡರೂ ಬೆಳಕು ಕಮ್ಮಿ ಆದರೆ, ಅದಕ್ಕೆ ಕೆಲಸ ಜಾಸ್ತಿ ಆದರೆ, ಫ್ರೇಮ್ ಕಮ್ಮಿ ಹಿಡಿಯುತ್ತದೆ. ಸದ್ದು ಮಾತ್ರ ತನ್ನ ಪಾಡಿಗೆ ಸರಿಯಾಗಿ ಓಡಿರುತ್ತದೆ. ನನ್ನ ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲಾ ಫ್ರೇಮ್‌ಗಳನ್ನೂ ಸಮ ಅಂತ ತಿಳಿದು ಜೋಡಿಸುತ್ತಿತ್ತು. ಹಾಗಾಗಿ ಚಿತ್ರ ಮುಂದೆ ಮುಂದೆ, ಮಾತು ಹಿಂದೆ ಹಿಂದೆ. ಧಾರೆ ಹೊತ್ತಿಗೆ ನಮ್ಮ ಲೈಟ್ ಹುಡುಗ ಬೇರೆ ಊಟಕ್ಕೆ ಹೋಗಿದ್ದ.

ಅವಳು ಆ ಫೈಲನ್ನು ಹ್ಯಾಂಡ್‌ಬ್ರೇಕ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ಗೆ ಹಾಕಿದಳು. ಅದೂ ಫ್ರೀ. 25, ಕಾನ್‌ಸ್ಟಂಟ್, ಸ್ಟಾರ್ಟ್. ಕಮ್ಮಿ ಬಿದ್ದ ಕಡೆ ಅದೇ ಫ್ರೇಮನ್ನು ಇನ್ನೊಂದು ಸಲ ಇಟ್ಟು, ಜಾಸ್ತಿ ಇದ್ದ ಕಡೆ ಬಿಟ್ಟು, ಹೊಸ ಫೈಲ್ ಕೊಡುತ್ತದೆ. ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಎರಡೂ ಗಟ್ಟಿಮೇಳ ಕೂತವು. 'ಪುಟ್ಟಿ' ಅನ್ನುವ ಮಾತು ತುಟಿಯ ಮೇಲೇ ಬಂತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಪರದೆ ಹತ್ತಿರ ಬಂದರು. ಅವರ ಕಾಲದಲ್ಲಿ ಹೆಚ್ಚಿನದೆಲ್ಲ ಡಬ್ಬಿಂಗ್, ತುಟಿಗೆ ಮಾತು ಕೂರಿಸುವುದರಲ್ಲೇ ಅವರ ಪ್ರಾಯ ಕಳೆದಿತ್ತಂತೆ. "ಇನ್ನೊಂದ್ಸಲ ಹಾಕಮ್ಮ" ಅಂದರು.

ಮಧ್ಯಾಹ್ನ ಊಟದ ಹೊತ್ತಿಗೆ ಮಾತು ಬೆನ್ನುನೋವಿಗೆ ಬಂತು. ವಾಲ್ಟರ್ ಮರ್ಚ್ ಅಂತ ಅಮೆರಿಕದ ಎಡಿಟರ್ ನಿಂತುಕೊಂಡೇ ಎಡಿಟ್ ಮಾಡ್ತಾರಂತೆ ಅಂದ ತಿಪಟೂರಿನವನು. "ಅವರ ಪಕ್ಕ ಬೀಗರು ಕೂತಿರಲ್ಲ ಬಿಡು" ಅಂದ ಕುಣಿಗಲ್‌ನವನು. ಅಲ್ಲಿಂದ ರೇಟಿಗೆ ಬಂತು. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಮಧುಗಿರಿಯವನು ತನ್ನ ರೇಟು ಹೇಳಿಬಿಟ್ಟ. ನನಗಿಂತ ಒಂದೂವರೆ ಸಾವಿರ ಜಾಸ್ತಿ! ಆದರೆ ನಮ್ಮಿಬ್ಬರಿಗೂ ಕೆಲಸ ಕೊಡುವ ಒಬ್ಬ ಫೋಟೋಗ್ರಾಫರ್, ಮಧುಗಿರಿಯವನು ನನಗಿಂತ ಕಮ್ಮಿಗೆ ಮಾಡ್ತಾನೆ ಅಂತ ಹೇಳಿ ಹೇಳಿಯೇ ಎರಡು ಸೀಸನ್ ನನ್ನ ರೇಟು ಇಳಿಸಿದ್ದ. ಮಧುಗಿರಿಯವನಿಗೆ ಕುಣಿಗಲ್‌ನವನ ಹೆಸರು ಹೇಳಿದ್ದನಂತೆ. ಕುಣಿಗಲ್‌ನವನಿಗೆ ನನ್ನ ಹೆಸರು. ಕೋಪ ಬರಬೇಕಿತ್ತು. ಮೂವರೂ ಅನ್ನ ಕಲಸುವುದು ಬಿಟ್ಟು ನಕ್ಕೆವು. ನಗು ನಿಂತ ಮೇಲೆ ಮೂವರೂ ಫೋನ್ ನಂಬರ್ ಬರೆದುಕೊಂಡೆವು. ಮುಂದಿನ ಸೀಸನ್‌ನಲ್ಲಿ ಆ ಫೋಟೋಗ್ರಾಫರ್ ಮೂರು ಕಡೆ ಒಂದೇ ರೇಟು ಕೇಳಿ ಸ್ವಲ್ಪ ಬೇಜಾರು ಮಾಡಿಕೊಂಡ ಅಂತ ಕಾಣುತ್ತದೆ.

ಸಂಜೆ ಹುಡುಗನನ್ನು ಹಿಂದೆ ಕೂರಿಸಿಕೊಂಡು ಬಿ.ಎಚ್. ರಸ್ತೆಯಲ್ಲಿ ಬರುತ್ತಿದ್ದೆ. ಸಿಪಿಯು ಅವನ ತೊಡೆ ಮೇಲೆ. ಟೌನ್ ಹಾಲ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಾಗ ಹಿಂದಿನಿಂದ ಕೇಳಿದ.

"ಅಣ್ಣ, ಹ್ಯಾಂಡ್‌ಬ್ರೇಕ್ ನಿಮಗೆ ಗೊತ್ತಿರಲಿಲ್ವಾ?"

"ನಿನಗೆ ಗೊತ್ತಿತ್ತೇನೋ?"

"ಹೂಂ. ಯೂಟ್ಯೂಬಲ್ಲಿ ನೋಡಿದ್ದೆ. ನಮ್ಮ ಫೋನ್ ವಿಡಿಯೋಗೆಲ್ಲ ನಾನು ಅದನ್ನೇ ಹಾಕೋದು."

"ಮತ್ತೆ ಹೇಳೋದಲ್ವಾ ಮಾರಾಯ?"

"ನಿಮಗೆ ಈ ತೊಂದರೆ ಇದೆ ಅಂತ ನನಗೇನು ಗೊತ್ತು ಅಣ್ಣ? ಮಾನಿಟರ್ ಆ ಕಡೆ ಇರುತ್ತಲ್ಲ."

ಹಸಿರು ಬಿತ್ತು. ಹಿಂದಿನ ಆಟೋದವನು ಹಾರ್ನ್ ಹೊಡೆದ.

ಶ್ರಾವಣದ ಮೊದಲ ವಾರ ಆ ಮದುವೆಯ ಹುಡುಗಿಯ ಅಪ್ಪ ಬಾಕಿ ದುಡ್ಡು ಕೊಡಲು ಮಳಿಗೆಗೆ ಬಂದರು. ಧಾರೆಯ ಹೊಸ ಭಾಗ ಹಾಕಿದೆ. ಹಾಡಿಲ್ಲ, ಸ್ಲೋ ಮೋಷನ್ ಇಲ್ಲ. ಅವರು ನಿಂತೇ ನೋಡಿದರು. 'ಪುಟ್ಟಿ' ಬಂದಾಗ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ಇದು ಎಲ್ಲರಿಗೂ ಕೇಳಿಸುತ್ತಾ?"

"ಕೇಳಿಸುತ್ತೆ ಸಾರ್. ಬೇಡ ಅಂದ್ರೆ ತೆಗೀತೀನಿ."

"ಬೇಡ, ಇರಲಿ." ದುಡ್ಡು ಎಣಿಸಿ ಮೇಜಿನ ಮೇಲಿಟ್ಟರು. ಮೆಟ್ಟಿಲ ತನಕ ಹೋದವರು ತಿರುಗಿ ನಿಂತರು. "ಹಾಡು ಹಾಕಿರೋದೂ ಒಂದು ಕಾಪಿ ಕೊಡಿ. ಬೀಗರ ಮನೆಗೆ ಅದನ್ನ ಕೊಡ್ತೀನಿ."

ಹುಡುಗ ಆಗಲೇ ಎರಡನೇ ಪೆನ್ ಡ್ರೈವ್ ಹುಡುಕುತ್ತಿದ್ದ.