ತಲೆದಿಂಬು ತೆಗೆಸಿದ ಮೇಡಂ

ನರ್ಸಿಂಗ್ ಕಾಲೇಜಿನ ಸಂಚಿಕೆಗೆ ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಮೂರನೇ ವರ್ಷದ ಬರ್ನ್ಸ್ ವಾರ್ಡ್ (ಸುಟ್ಟ ಗಾಯದವರ ವಾರ್ಡ್) ಪೋಸ್ಟಿಂಗ್. ಹಾಸ್ಟೆಲ್ಲು, ದೀಪ ಹಿಡಿದು ಪ್ರತಿಜ್ಞೆ ಮಾಡುವ ಲ್ಯಾಂಪ್ ಲೈಟಿಂಗ್ ಬಗ್ಗೆ ಜೊತೆಯವರು ನನಗಿಂತ ಚೆನ್ನಾಗಿ ಬರೆಯುತ್ತಾರೆ. ನಾನು ಬರೆಯಬೇಕಾದದ್ದು ಆ ವಾರ್ಡಿನ ಬಗ್ಗೆ ಮತ್ತು ಅಲ್ಲಿ ನಮ್ಮ ಜೊತೆ ನಿಂತು ಕಲಿಸಿದ ಟ್ಯೂಟರ್ ಮೇಡಂ ಬಗ್ಗೆ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಬರ್ನ್ಸ್ ಸೆಂಟರಿಗೆ ದೂರದ ಊರುಗಳಿಂದಲೂ ರೋಗಿಗಳು ಬರುತ್ತಾರೆ. ನಾವು ಓದುವಾಗ ಬರುತ್ತಿದ್ದವರಲ್ಲಿ ಹೆಂಗಸರೇ ಜಾಸ್ತಿ. ಸೀಮೆಎಣ್ಣೆ ಸ್ಟವ್ ಮುಂದೆ ನೈಲಾನ್ ಸೀರೆ ಉಟ್ಟು ಅಡುಗೆ ಮಾಡುತ್ತಿದ್ದವರು. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಇಂಕು, ಅರಿಶಿನ ಬಳಿದುಕೊಂಡು ಬರುತ್ತಿದ್ದರು. ಅದನ್ನು ತೊಳೆದು ತೆಗೆಯುವುದೇ ಅವರಿಗೆ ಇನ್ನೊಂದು ನೋವು. ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿದಿದ್ದರೆ ಸಾಕಿತ್ತು ಎಂದು ಮೇಡಂ ಯಾವ ರೋಗಿಯ ಮನೆಯವರಿಗೂ ಆ ಹೊತ್ತಿನಲ್ಲಿ ಹೇಳುತ್ತಿರಲಿಲ್ಲ. ನಮಗೆ ಹೊರಗೆ ಕರೆದು ಹೇಳುತ್ತಿದ್ದರು. ಆಗಲೇ ನೊಂದವರಿಗೆ ಹೇಳಿ ಏನು ಪ್ರಯೋಜನ, ಅಲ್ವಾ?

ಬರ್ನ್ಸ್ ವಾರ್ಡಿನಲ್ಲಿ ಒಳ್ಳೆಯ ಆರೈಕೆ ಅನೇಕ ಸಲ ನೋಡುವವರ ಕಣ್ಣಿಗೆ ಕಲ್ಲುಮನಸ್ಸಿನ ಹಾಗೆ ಕಾಣುತ್ತದೆ. ಬಂದವರು ಮೊದಲು ಕೇಳುವುದು ನೀರು. ಆದರೆ ಸುಟ್ಟ ಭಾಗ ಜಾಸ್ತಿ ಇದ್ದಾಗ ಹೊಟ್ಟೆ, ಕರುಳಿನ ಚಲನೆ ನಿಧಾನವಾಗುತ್ತದೆ. ಗಟಗಟ ಕುಡಿಸಿದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಹುದು. ಹಾಗಾಗಿ ನೀರೆಲ್ಲ ಡ್ರಿಪ್ಪಿನಲ್ಲೇ. ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದ ಲೆಕ್ಕ ಅಲ್ಲಿ ಕೆಲಸಕ್ಕೆ ಬಂತು. 60 ಕಿಲೋ ತೂಕ, ಮೈಯ 40 ಶೇಕಡ ಸುಟ್ಟಿದ್ದರೆ, ಪ್ರತಿ ಕಿಲೋಗೆ ಪ್ರತಿ ಶೇಕಡಕ್ಕೆ 4 ಮಿ.ಲೀ. ಲೆಕ್ಕದಲ್ಲಿ 4 ಗುಣಿಲೆ 60 ಗುಣಿಲೆ 40, ಅಂದರೆ 9,600 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವ. ಅದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲಿ, ಉಳಿದದ್ದು ಮುಂದಿನ 16 ಗಂಟೆಯಲ್ಲಿ. "ಯಾವಾಗಿಂದ 8 ಗಂಟೆ?" ಎಂದು ಮೇಡಂ ಪ್ರತಿ ಬ್ಯಾಚಿಗೂ ಕೇಳುತ್ತಿದ್ದರು. ಸುಟ್ಟ ಹೊತ್ತಿನಿಂದ, ಅಡ್ಮಿಷನ್ ಆದ ಹೊತ್ತಿನಿಂದ ಅಲ್ಲ. ಚಿಂತಾಮಣಿಯಿಂದ ಬರಲು 3 ಗಂಟೆ ಹಿಡಿದಿದ್ದರೆ ನಮಗೆ ಉಳಿದದ್ದು 5 ಗಂಟೆ ಮಾತ್ರ. ಲೆಕ್ಕ ಬರೀ ಶುರು ಮಾಡುವುದಕ್ಕೆ. ಆಮೇಲೆ ಡ್ರಿಪ್ ಹೆಚ್ಚು ಕಡಿಮೆ ಮಾಡುವುದು ಮೂತ್ರ ನೋಡಿಕೊಂಡೇ. ಗಂಟೆಗೆ ಸುಮಾರು 30 ಮಿ.ಲೀ. ಬರುತ್ತಿದೆಯಾ ಎಂದು ಯೂರೋಬ್ಯಾಗ್ (ಮೂತ್ರದ ಚೀಲ) ಮುಂದೆ ಬಗ್ಗಿ ನೋಡುತ್ತಿದ್ದೆವು. ಇತ್ತ ರೋಗಿ "ಒಂದು ಗುಟುಕು ಕೊಡಮ್ಮ" ಎಂದು ಕೇಳುತ್ತಲೇ ಇರುತ್ತಿದ್ದರು. ಒದ್ದೆ ಗಾಜ್ ಬಟ್ಟೆಯಿಂದ ತುಟಿ ಒರೆಸಿ, ಯಾಕೆ ಕೊಡುತ್ತಿಲ್ಲ ಎಂದು ಪ್ರತಿ ಸಲವೂ ಹೇಳಬೇಕು. ಒಂದು ಸಲ ಹೇಳಿದೆವಲ್ಲ ಎಂದು ಸುಮ್ಮನಾಗುವ ಹಾಗಿಲ್ಲ. ಇದು ಮೇಡಂ ಕಟ್ಟಾಜ್ಞೆ.

ಬಳೆ, ಉಂಗುರ, ಕಾಲುಂಗುರ ತೆಗೆಸುವುದು ಇನ್ನೂ ಕಷ್ಟ. ಕೈ ಊದಿಕೊಂಡರೆ ಬಳೆಯೇ ಬಿಗಿದು ರಕ್ತ ಹೋಗುವುದನ್ನು ತಡೆಯುತ್ತದೆ. ಮನೆಯವರು ಮುತ್ತೈದೆ ಅಂತ ಒಪ್ಪುತ್ತಿರಲಿಲ್ಲ. ಮೇಡಂ ಜಗಳಕ್ಕೆ ಇಳಿಯುತ್ತಿರಲಿಲ್ಲ. ರೋಗಿಯನ್ನೇ ಕೇಳಿ, ಒಂದೊಂದಾಗಿ ತೆಗೆದು, ಶುಭ್ರ ಬಟ್ಟೆಯಲ್ಲಿ ಕಟ್ಟಿ, ಬರೆಸಿಕೊಂಡು ತಾಯಿಯ ಕೈಗೆ ಕೊಡುತ್ತಿದ್ದರು.

ಇನ್ನು ತಲೆದಿಂಬು. ಕುತ್ತಿಗೆ ಸುಟ್ಟವರಿಗೆ ತಲೆದಿಂಬು ಕೊಡುವ ಹಾಗಿಲ್ಲ. ಹೆಗಲ ಕೆಳಗೆ ಬಟ್ಟೆಯ ಸುರುಳಿ ಇಟ್ಟು ಗದ್ದ ಮೇಲೆ ಬರುವ ಹಾಗೆ ಮಲಗಿಸಬೇಕು. ಕಿವಿ ಸುಟ್ಟಿದ್ದರೂ ದಿಂಬು ಬೇಡ, ಒತ್ತಡಕ್ಕೆ ಕಿವಿಯ ಮೃದ್ವಸ್ಥಿ ಕೊಳೆಯುತ್ತದೆ. ಕಂಕುಳು ಸುಟ್ಟಿದ್ದರೆ ತೋಳು ಪಕ್ಕಕ್ಕೆ ಚಾಚಿರಬೇಕು, ಮೊಣಕೈ ಮೊಣಕಾಲು ನೇರ ಇರಬೇಕು. ರೋಗಿಗೆ ಬೇಕಾದದ್ದು ಇದರ ತದ್ವಿರುದ್ಧ. ಕೈಕಾಲು ಮಡಚಿ ಮುದುಡಿಕೊಂಡರೆ ನೋವು ಕಡಿಮೆ. ರಾತ್ರಿ ತಾಯಿಯೋ ತಂಗಿಯೋ ಮಡಚಿದ ಶಾಲನ್ನು ಮೆಲ್ಲಗೆ ತಲೆ ಕೆಳಗೆ ಇಟ್ಟಿರುತ್ತಿದ್ದರು. ಬೆಳಗ್ಗೆ ರೌಂಡ್ಸಿಗೆ ಮೊದಲೇ ಮೇಡಂ ಬಂದು ಅದನ್ನು ತೆಗೆಸುತ್ತಿದ್ದರು. ಒಬ್ಬ ತಾಯಿ ಅತ್ತುಬಿಟ್ಟರು. ಮೇಡಂ ಪಕ್ಕದಲ್ಲಿ ಕೂತು, "ಅಮ್ಮಾ, ಇವಳು ಈಗ ಹಾಯಾಗಿ ಮಲಗಿದ ಹಾಗೇ ಚರ್ಮ ಗಟ್ಟಿಯಾಗುತ್ತೆ. ಆಮೇಲೆ ಗದ್ದ ಎದೆಗೆ ಅಂಟಿಕೊಳ್ಳುತ್ತೆ. ಆಗ ಆಪರೇಷನ್ನೇ ಮಾಡಬೇಕು. ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳಿ, ದಿಂಬು ಮಾತ್ರ ಕೊಡಬೇಡಿ" ಎಂದರು. ಆ ತಾಯಿ ಆಮೇಲೆ ತಾವೇ ಪಕ್ಕದ ಬೆಡ್ಡಿನವರಿಗೂ ಹೇಳತೊಡಗಿದರು.

ಕಟ್ಟುನಿಟ್ಟು ಎಂದರೆ ನೋವು ಸಹಿಸಿಕೋ ಎನ್ನುವುದು ಎಂದಲ್ಲ. ಡ್ರೆಸ್ಸಿಂಗ್ ಟ್ರಾಲಿ ಮುಟ್ಟುವ ಮೊದಲು ಮೇಡಂ ಚಾರ್ಟ್ ನೋಡುತ್ತಿದ್ದರು, ನೋವಿನ ಇಂಜೆಕ್ಷನ್ ಎಷ್ಟು ಗಂಟೆಗೆ ಆಗಿದೆ ಎಂದು. ಅರ್ಧ ಗಂಟೆ ಆಗದಿದ್ದರೆ ಕಾಯಬೇಕು. ಫ್ಯಾನ್ ಆರಿಸಬೇಕು, ಚರ್ಮ ಹೋದ ಮೈ ಬೇಗ ತಣ್ಣಗಾಗುತ್ತದೆ. ಅಂಟಿದ ಗಾಜ್ ಎಳೆಯಬಾರದು, ಬೆಚ್ಚಗಿನ ಸಲೈನಿನಲ್ಲಿ ನೆನೆಸಿ ತಾನಾಗಿ ಬಿಡುವ ತನಕ ಕಾಯಬೇಕು. ರೋಗಿ "ನಿಲ್ಲಿ" ಎಂದರೆ ಕೈ ನಿಲ್ಲಬೇಕು. ಅವರು ಉಸಿರು ತೆಗೆದುಕೊಂಡು "ಹ್ಞೂಂ" ಎಂದ ಮೇಲೆ ಮುಂದಕ್ಕೆ. ಇಷ್ಟು ಮಾಡಿದರೆ ಕೂಗಾಟ ಎಷ್ಟೋ ಕಡಿಮೆಯಾಗುತ್ತದೆ, ನಾನೇ ನೋಡಿದ್ದೇನೆ. ಮರುದಿನದ ವ್ಯಾಯಾಮಕ್ಕೆ ಅವರೇ ಕೈ ಚಾಚುತ್ತಾರೆ.

ಗಾಯ ನೋಡುವುದನ್ನೂ ಆಗಲೇ ಕಲಿತದ್ದು. ಕೆಂಪಗೆ, ಒದ್ದೆಯಾಗಿ, ಮುಟ್ಟಿದರೆ ಉರಿಯುವ ಗಾಯಕ್ಕೆ ಮನೆಯವರು ಹೆದರುತ್ತಾರೆ. ಬೆಳ್ಳಗೆ ತೊಗಲಿನ ಹಾಗೆ ಗಟ್ಟಿಯಾಗಿ, ನೋವೇ ಇಲ್ಲ ಎಂದರೆ ಸಮಾಧಾನಪಡುತ್ತಾರೆ. ಆಳವಾದದ್ದು ಆ ನೋವಿಲ್ಲದ ಗಾಯವೇ, ಅಲ್ಲಿ ನರದ ತುದಿಗಳೂ ಸುಟ್ಟುಹೋಗಿರುತ್ತವೆ. ಅದಕ್ಕೆ ಕೊನೆಗೆ ಗ್ರಾಫ್ಟ್ ಬೇಕು, ಅಂದರೆ ತೊಡೆಯಂಥ ಕಡೆಯಿಂದ ಚರ್ಮ ತೆಗೆದು ಅಲ್ಲಿ ಹಾಕಬೇಕು. ಚರ್ಮ ತೆಗೆದ ತೊಡೆಯ ಉರಿ ಗ್ರಾಫ್ಟ್ ಹಾಕಿದ ಜಾಗಕ್ಕಿಂತ ಜಾಸ್ತಿ ಎಂದು ರೋಗಿಗಳೇ ಹೇಳುತ್ತಾರೆ. ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಮಾಧುರಿ ಗೋರೆ ಅವರು ಇಂಥ ಜಾಗಕ್ಕೂ ಸುಟ್ಟ ಗಾಯಕ್ಕೂ ಶುದ್ಧೀಕರಿಸಿದ ಬಾಳೆಲೆ ಬಳಸಿದ್ದರು. ಅಂಟುವುದಿಲ್ಲ, ತೆಗೆಯುವಾಗ ನೋವು ಕಡಿಮೆ. ಇದನ್ನು ಓದಿದಾಗ ನನಗೆ ತುಂಬಾ ಖುಷಿಯಾಯಿತು. ನೋವು ಕಡಿಮೆ ಮಾಡುವ ದಾರಿ ದುಬಾರಿಯೇ ಆಗಬೇಕಿಲ್ಲ ನೋಡಿ.

ಒಂದು ಮಾತು ಬರೆಯದೆ ಇರಲಾರೆ. "ಸ್ಟವ್ ಸಿಡೀತು" ಎಂದು ಅಡ್ಮಿಷನ್ನಿನಲ್ಲಿ ಹೇಳಿದವರು ಒಮ್ಮೊಮ್ಮೆ ರಾತ್ರಿ ಡ್ಯೂಟಿಯಲ್ಲಿ ಬೇರೆಯೇ ಹೇಳುತ್ತಿದ್ದರು. ನಾವು ಪ್ರಶ್ನೆ ಹಾಕಿ ಬಾಯಿ ಬಿಡಿಸಬಾರದು. ಅವರು ಹೇಳಿದರೆ ಅವರದೇ ಮಾತಿನಲ್ಲಿ ಬರೆದುಕೊಂಡು, ಗಂಡನ ಮನೆಯವರು ಹತ್ತಿರ ಇಲ್ಲದಾಗ ಡಾಕ್ಟರಿಗೆ ತಿಳಿಸಬೇಕು. ಇದನ್ನು ಮೇಡಂ ಪಿಸುಮಾತಿನಲ್ಲೇ ಹೇಳಿಕೊಟ್ಟರು.

ಈಗ ನಾನು ಬೇರೆ ಊರಿನ ಆಸ್ಪತ್ರೆಯಲ್ಲಿ ಸರ್ಜಿಕಲ್ ವಾರ್ಡ್ ನೋಡಿಕೊಳ್ಳುತ್ತೇನೆ. ನನ್ನ ಹತ್ತಿರ ಬರುವ ವಿದ್ಯಾರ್ಥಿಗಳು ಚಾರ್ಟ್ ಚೆನ್ನಾಗಿ ಬರೆಯುತ್ತಾರೆ. ಆದರೆ ಮಡಚಿಕೊಂಡಿರುವ ಮೊಣಕೈಯನ್ನು ಹಾಗೇ ಬಿಟ್ಟು ಹೋಗುತ್ತಾರೆ. ಅವರ ತಪ್ಪಲ್ಲ. ಅವರು ನೋಡುವುದು ಮೊದಲ ಕೆಲವು ವಾರ ಮಾತ್ರ. ರೋಗಿಗಳು ಮನೆಗೆ ಹೋದ ಮೇಲೆ ಕಲೆ ಉಬ್ಬದಂತೆ ಒತ್ತಿಹಿಡಿಯುವ ಬಿಗಿ ಉಡುಪು, ಪ್ರೆಷರ್ ಗಾರ್ಮೆಂಟನ್ನು ದಿನಕ್ಕೆ 23 ಗಂಟೆ, ವರ್ಷದ ತನಕವೋ ಇನ್ನೂ ಜಾಸ್ತಿಯೋ ಹಾಕಿಕೊಳ್ಳಬೇಕು. ಸೆಕೆಗೆ ಬಿಚ್ಚಿಡುತ್ತಾರೆ. ಕೈಕಾಲು ನೇರ ಹಿಡಿದಿಡುವ ಸ್ಪ್ಲಿಂಟ್ ಮೂಲೆ ಸೇರುತ್ತದೆ. ಮತ್ತೆ ಬರುವ ಹೊತ್ತಿಗೆ ಕೈ ಮೇಲೆತ್ತಿ ತಲೆ ಬಾಚಿಕೊಳ್ಳಲು ಆಗುವುದಿಲ್ಲ.

ಕಾಲೇಜಿನವರಲ್ಲಿ ನನ್ನದೊಂದು ಕೋರಿಕೆ. ಬರ್ನ್ಸ್ ಪೋಸ್ಟಿಂಗ್‌ನಲ್ಲಿ ಎರಡು ದಿನವಾದರೂ ವಿದ್ಯಾರ್ಥಿಗಳನ್ನು ಪ್ಲಾಸ್ಟಿಕ್ ಸರ್ಜರಿ ಓಪಿಡಿಗೂ ಫಿಸಿಯೋಥೆರಪಿಗೂ ಕಳಿಸಿ. ವರ್ಷದ ಹಿಂದೆ ಡಿಸ್ಚಾರ್ಜ್ ಆದವರನ್ನು ಅವರು ಮಾತಾಡಿಸಲಿ.